ಜೇನ್ ಏರ್: ಪುಟದಿಂದ ಪರದೆಗೆ

ಹೋದ ವರ್ಷದ ಮಾತು. ಹನ್ನೊಂದನೆಯ ತರಗತಿಯಲ್ಲಿದ್ದ ನನ್ನ ಮಗಳಿಗೆ ಬೇಸಿಗೆ ರಜೆಯ ಹೋಮ್‌ವರ್ಕ್ ಎಂದು ಒಂದು ಇಂಗ್ಲಿಷ್ ಕಾದಂಬರಿ ಓದಿ ಅದರ ಬಗ್ಗೆ ವಿಮರ್ಶೆ ಬರೆದು ತರಲು ಹೇಳಿದ್ದರು. ಅವಳು ಆರಿಸಿಕೊಂಡದ್ದು ಷಾರ್ಲೆಟ್ ಬ್ರಾಂಟೆ ಬರೆದ ‘ಜೇನ್ ಏರ್’. ಪುಸ್ತಕ ನಮ್ಮ ಸೂಟ್‌ಕೇಸಿನಲ್ಲಿ ಊರಿಗೂ ಹೋಯಿತು, ಊರಿನಿಂದ ವಾಪಸ್ಸೂ ಬಂತು. ಒಳಗಿಟ್ಟಿದ್ದ ಬುಕ್‌ಮಾರ್ಕ್ ಮಾತ್ರ ನಲವತ್ತನೆಯ ಪುಟ ಬಿಟ್ಟು ಕದಲಲಿಲ್ಲ. ಶಾಲೆ ಶುರುವಾಗಲು ಎರಡು ದಿನ ಇದೆ ಎನ್ನುವಾಗ ಹಳೆಯ ಕಪ್ಪುಬಿಳುಪು ಸಿನಿಮಾ ನೋಡಿ ನಾಲ್ಕು ಪುಟ ಬರೆದು ಮುಗಿಸಿದಳು.

ವಾರದ ನಂತರ ಆ ಪುಟಗಳು ಮನೆಗೆ ಬಂದವು. ಶಾಲೆಯ ಡಾಕ್ಟರ್ ರಿವರ್ಸ್ ಅವರು ಪುಟ್ಟ ಜೇನ್‌ಗೆ ಧೈರ್ಯ ತುಂಬಿದರು ಎಂದು ಅವಳು ಬರೆದಿದ್ದ ಸಾಲಿನ ಕೆಳಗೆ ಕೆಂಪು ಗೆರೆ, ಪಕ್ಕದಲ್ಲಿ ಟೀಚರ್ ಬರೆದ ಪ್ರಶ್ನೆ: ‘ಈ ಡಾಕ್ಟರ್ ಯಾವ ಅಧ್ಯಾಯದಲ್ಲಿ ಬರುತ್ತಾರೆ?’ ಅಂಕ ಹತ್ತಕ್ಕೆ ನಾಲ್ಕು.

“ಸಿನಿಮಾದಲ್ಲಿ ಇದ್ರಲ್ಲಮ್ಮ! ಅವರೇ ತಪ್ಪು ತೋರಿಸಿದ್ರೆ ನಾನೇನು ಮಾಡ್ಲಿ?” ಎಂದು ಮಗಳು ಅತ್ತಳು.

ನಾನೂ ಈ ಕಾದಂಬರಿಯನ್ನು ಕಾಲೇಜಿನ ದಿನಗಳಲ್ಲಿ ಸಂಕ್ಷಿಪ್ತ ರೂಪದಲ್ಲಿ ಓದಿದ್ದೆ ಅಷ್ಟೆ. ಹಾಗಾಗಿ ಇಬ್ಬರೂ ಸೇರಿ ಒಂದು ಒಪ್ಪಂದ ಮಾಡಿಕೊಂಡೆವು. ಮೊದಲು ಪುಸ್ತಕವನ್ನು ಪೂರ್ತಿ ಓದುವುದು, ಆಮೇಲೆ ವಾರಾಂತ್ಯಕ್ಕೊಂದರಂತೆ ಅದರ ಬೇರೆ ಬೇರೆ ಚಿತ್ರರೂಪಗಳನ್ನು ನೋಡುವುದು. ಆ ಚಳಿಗಾಲದಲ್ಲಿ ನಾವು ಕಂಡುಕೊಂಡದ್ದನ್ನು ನಮ್ಮ ಶಾಲೆಯ ಇತರ ಮಕ್ಕಳಿಗೂ ಪಾಲಕರಿಗೂ ತಿಳಿಸೋಣ ಎಂದು ಈ ಲೇಖನ.

ಕಾದಂಬರಿ ಮತ್ತು ಕಥೆ

ಷಾರ್ಲೆಟ್ ಬ್ರಾಂಟೆ ಹುಟ್ಟಿದ್ದು 1816ರಲ್ಲಿ, ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದಲ್ಲಿ. ತಂದೆ ಚರ್ಚಿನ ಪಾದ್ರಿ. ಷಾರ್ಲೆಟ್ ಮತ್ತು ಅವಳ ಅಕ್ಕಂದಿರನ್ನು ಸೇರಿಸಿದ ವಸತಿಶಾಲೆಯಲ್ಲಿ ಊಟ, ಬಟ್ಟೆ ಎರಡೂ ಸಾಲದು. ಅಲ್ಲಿ ಕಾಯಿಲೆ ಬಿದ್ದ ಇಬ್ಬರು ಅಕ್ಕಂದಿರು 1825ರಲ್ಲಿ ತೀರಿಕೊಂಡರು. ಕಾದಂಬರಿಯ ಲೋವುಡ್ ಶಾಲೆ ಹುಟ್ಟಿದ್ದು ಆ ನೋವಿನಿಂದ. ಮುಂದೆ ಷಾರ್ಲೆಟ್ ಸ್ವತಃ ಶ್ರೀಮಂತರ ಮನೆಯಲ್ಲಿದ್ದುಕೊಂಡು ಮಕ್ಕಳಿಗೆ ಪಾಠ ಹೇಳುವ ಗವರ್ನೆಸ್ ಕೆಲಸವನ್ನೂ ಮಾಡಿದಳು. 1847ರ ಅಕ್ಟೋಬರಿನಲ್ಲಿ ಪುಸ್ತಕ ಬಂದಾಗ ಅದರ ಮೇಲಿದ್ದ ಹೆಸರು ‘ಕರರ್ ಬೆಲ್’. ಬರೆದವರು ಗಂಡಸೋ ಹೆಂಗಸೋ ಗೊತ್ತಾಗದ ಹಾಗೆ ಇಟ್ಟುಕೊಂಡ ಹೆಸರು ಅದು.

ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಜೇನ್ ತಂದೆತಾಯಿ ಇಲ್ಲದ ಮಗು. ಅತ್ತೆಯ ಮನೆಯಲ್ಲಿ ಹೊಡೆತ, ಬೈಗುಳ. ಹತ್ತನೆಯ ವಯಸ್ಸಿಗೆ ಲೋವುಡ್ ಶಾಲೆಗೆ ತಳ್ಳುತ್ತಾರೆ. ಅಲ್ಲಿ ಎಂಟು ವರ್ಷ ಕಳೆದು, ಥಾರ್ನ್‌ಫೀಲ್ಡ್ ಎಂಬ ದೊಡ್ಡ ಬಂಗಲೆಗೆ ವರ್ಷಕ್ಕೆ 30 ಪೌಂಡ್ ಸಂಬಳದ ಗವರ್ನೆಸ್ ಆಗಿ ಬರುತ್ತಾಳೆ. ಯಜಮಾನ ರಾಚೆಸ್ಟರ್ ಒರಟ, ಆದರೆ ಮಾತುಗಾರ. ಇಬ್ಬರಿಗೂ ಪ್ರೀತಿ ಬೆಳೆಯುತ್ತದೆ. ಮೂರನೆಯ ಮಹಡಿಯಿಂದ ಆಗಾಗ ವಿಚಿತ್ರವಾದ ನಗು ಕೇಳಿಸುತ್ತದೆ. ಒಂದು ರಾತ್ರಿ ರಾಚೆಸ್ಟರನ ಹಾಸಿಗೆಗೇ ಬೆಂಕಿ ಬೀಳುತ್ತದೆ. ಮದುವೆಯ ದಿನ ಚರ್ಚಿನಲ್ಲಿ ಗುಟ್ಟು ರಟ್ಟಾಗುತ್ತದೆ. ಅವನಿಗೆ ಮೊದಲೇ ಮದುವೆಯಾಗಿದೆ, ಜಮೈಕಾ ದ್ವೀಪದಿಂದ ಕರೆತಂದ ಬರ್ಥಾ ಎಂಬ ಹೆಂಡತಿಗೆ ಬುದ್ಧಿಭ್ರಮಣೆಯಾಗಿದೆ, ಅವಳನ್ನು ಮೇಲಿನ ಕೋಣೆಯಲ್ಲಿ ಕೂಡಿಹಾಕಲಾಗಿದೆ.

ಹಳೆಯ ಬಂಗಲೆ, ಬೀಗ ಹಾಕಿದ ಕೋಣೆ, ನಡುರಾತ್ರಿಯ ನಗು, ಸಿಡಿಲಿಗೆ ಸೀಳಿಹೋದ ಮರ. ಇಂಥ ವಾತಾವರಣದಲ್ಲಿ ನಡೆಯುವ ಕಥೆಗಳನ್ನು ಗಾಥಿಕ್ ಎನ್ನುತ್ತಾರೆ. ಅದರೊಳಗೆ ಪ್ರೇಮಕಥೆಯೂ ಸೇರಿದರೆ ಗಾಥಿಕ್ ರೊಮಾನ್ಸ್.

ಇಲ್ಲಿ ಮಕ್ಕಳು ಕೇಳುವ ಒಂದು ಪ್ರಶ್ನೆ ಇದೆ. ರಾಚೆಸ್ಟರ್ ಡೈವೋರ್ಸ್ ಪಡೆದು ಜೇನ್‌ಳನ್ನು ಮದುವೆಯಾಗಬಹುದಿತ್ತಲ್ಲ? ಆಗುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ಡೈವೋರ್ಸ್ ಕೊಡುವ ಸಾಮಾನ್ಯ ನ್ಯಾಯಾಲಯ ಬಂದದ್ದೇ 1857ರ ಕಾನೂನಿನಿಂದ. ಅದಕ್ಕೂ ಮೊದಲು ಬಿಡುಗಡೆ ಪಡೆದು ಮರುಮದುವೆಯಾಗಬೇಕಾದರೆ ಪಾರ್ಲಿಮೆಂಟಿನಲ್ಲಿ ಒಬ್ಬೊಬ್ಬರಿಗೂ ಪ್ರತ್ಯೇಕ ಕಾಯಿದೆ ಆಗಬೇಕಿತ್ತು. ಗುಣವಾಗದ ಮಾನಸಿಕ ಕಾಯಿಲೆ ಡೈವೋರ್ಸ್‌ಗೆ ಕಾರಣವಾಗಬಹುದು ಎಂದು ಕಾನೂನು ಒಪ್ಪಿದ್ದು 1937ರಲ್ಲಿ! ಆದ್ದರಿಂದ ಜೇನ್ ಮುಂದೆ ಇದ್ದದ್ದು ಎರಡೇ ದಾರಿ: ಮದುವೆಯಿಲ್ಲದೆ ಅವನ ಜೊತೆ ಇರುವುದು, ಅಥವಾ ಕೈಯಲ್ಲಿ ಏನೂ ಇಲ್ಲದೆ ಹೊರಟುಹೋಗುವುದು. ಅವಳು ಮುಂಜಾನೆ ಯಾರಿಗೂ ಹೇಳದೆ ಹೊರಡುತ್ತಾಳೆ. ಇದ್ದ 20 ಶಿಲಿಂಗ್ ಗಾಡಿಯ ಬಾಡಿಗೆಗೆ ಹೋಗುತ್ತದೆ. ಬಟ್ಟೆಯ ಗಂಟನ್ನೂ ಗಾಡಿಯಲ್ಲೇ ಮರೆತು, ಬಯಲಿನಲ್ಲಿ ಹಸಿದು ಅಲೆಯುತ್ತಾಳೆ.

ಬಹಳ ಜನರಿಗೆ ಗೊತ್ತಿರುವ ಕಥೆ ಇಲ್ಲಿಗೆ ನಿಲ್ಲುತ್ತದೆ. ಪುಸ್ತಕ ನಿಲ್ಲುವುದಿಲ್ಲ.

ಮೂವತ್ತೆಂಟು ಅಧ್ಯಾಯಗಳ ಲೆಕ್ಕ

ಕಾದಂಬರಿಯಲ್ಲಿ ಒಟ್ಟು 38 ಅಧ್ಯಾಯಗಳಿವೆ. ಮೊದಲ 10 ಬಾಲ್ಯಕ್ಕೆ ಮತ್ತು ಶಾಲೆಗೆ. ನಂತರದ 17 ಥಾರ್ನ್‌ಫೀಲ್ಡ್ ಕಾಲಕ್ಕೆ. ಆಮೇಲೆ 8 ಅಧ್ಯಾಯ ಬಯಲುಸೀಮೆಯ ಮೂರ್ ಹೌಸ್ ಎಂಬ ಮನೆಗೆ. ಕೊನೆಯ 3 ಮರಳಿ ಹೋಗುವುದಕ್ಕೆ. ಒಂದೂವರೆ ಎರಡು ಗಂಟೆಯ ಸಿನಿಮಾ ಮಾಡುವವರು ಏನನ್ನಾದರೂ ಬಿಡಲೇಬೇಕು. ಬಹಳ ಸಲ ಕತ್ತರಿ ಬೀಳುವುದು ಆ 8 ಅಧ್ಯಾಯಗಳ ಮೇಲೆ. ಅಲ್ಲಿ ಬಂಗಲೆಯೂ ಇಲ್ಲ, ನಾಯಕನೂ ಇಲ್ಲ, ಅದಕ್ಕೇ ಇರಬೇಕು.

ಆದರೆ ಅಲ್ಲಿ ಏನಾಗುತ್ತದೆ ನೋಡಿ. ಹಸಿದು ಬಿದ್ದ ಜೇನ್‌ಳನ್ನು ಸೇಂಟ್ ಜಾನ್ ರಿವರ್ಸ್ ಎಂಬ ಯುವ ಪಾದ್ರಿ ಮತ್ತು ಅವನ ಇಬ್ಬರು ತಂಗಿಯರು ಮನೆಯೊಳಗೆ ಕರೆದುಕೊಳ್ಳುತ್ತಾರೆ. ಅವಳು ಹಳ್ಳಿಯ ಹೆಣ್ಣುಮಕ್ಕಳ ಶಾಲೆಗೆ ಟೀಚರ್ ಆಗುತ್ತಾಳೆ. ಮಡೀರಾ ದ್ವೀಪದಲ್ಲಿದ್ದ ಚಿಕ್ಕಪ್ಪ ತೀರಿಕೊಂಡು, ಅವನು ಬಿಟ್ಟುಹೋದ 20,000 ಪೌಂಡ್ ಆಸ್ತಿ ಅವಳದಾಗುತ್ತದೆ. ರಿವರ್ಸ್ ಮನೆಯವರು ತನ್ನ ಸೋದರ ಸಂಬಂಧಿಗಳೇ ಎಂದು ಗೊತ್ತಾದಾಗ ಹಣವನ್ನು ನಾಲ್ಕು ಪಾಲು ಮಾಡಿ ತಲಾ 5,000 ಹಂಚುತ್ತಾಳೆ. ಮಗಳು ಕ್ಯಾಲ್ಕುಲೇಟರ್ ಹಿಡಿದು ಲೆಕ್ಕ ಹಾಕಿದಳು: ಗವರ್ನೆಸ್ ಸಂಬಳದಲ್ಲಿ 5,000 ಪೌಂಡ್ ದುಡಿಯಲು ಜೇನ್‌ಗೆ 166 ವರ್ಷಕ್ಕಿಂತ ಹೆಚ್ಚು ಬೇಕಾಗುತ್ತಿತ್ತು!

ಇನ್ನೂ ಒಂದು ವಿಷಯ. ಸೇಂಟ್ ಜಾನ್ ಧರ್ಮಪ್ರಚಾರಕ್ಕೆ ಹೊರಟಿರುವುದು ನಮ್ಮ ಭಾರತಕ್ಕೆ. ಜರ್ಮನ್ ಕಲಿಯುತ್ತಿದ್ದ ಜೇನ್‌ಗೆ ಅದನ್ನು ಬಿಡಿಸಿ ಹಿಂದೂಸ್ಥಾನಿ ಕಲಿಸುತ್ತಾನೆ, ತನ್ನನ್ನು ಮದುವೆಯಾಗಿ ಜೊತೆಗೆ ಬಾ ಎನ್ನುತ್ತಾನೆ. ಅದರಲ್ಲಿ ಪ್ರೀತಿ ಇಲ್ಲ, ಬರೀ ಕರ್ತವ್ಯ. ತಂಗಿಯಾಗಿ ಬರುತ್ತೇನೆ, ಹೆಂಡತಿಯಾಗಿ ಬರಲಾರೆ ಎನ್ನುತ್ತಾಳೆ ಜೇನ್. ರಾಚೆಸ್ಟರನಲ್ಲಿ ಪ್ರೀತಿ ಇತ್ತು, ಮರ್ಯಾದೆಯ ದಾರಿ ಇರಲಿಲ್ಲ. ಇವನಲ್ಲಿ ಮರ್ಯಾದೆ ಇದೆ, ಪ್ರೀತಿ ಇಲ್ಲ. ಎರಡಕ್ಕೂ ಬೇಡ ಎಂದ ಮೇಲೆಯೇ ಅವಳು ಮರಳಿ ಹೋಗುವುದು. ಹೋಗುವಾಗ ಅವಳು ಕೆಲಸ ಕೇಳಿಕೊಂಡು ಹೋಗುವ ಹುಡುಗಿಯಲ್ಲ. ಸ್ವಂತ ಹಣ, ಸ್ವಂತ ಬಂಧುಗಳು ಇರುವ ಹೆಂಗಸು. ಅಷ್ಟರಲ್ಲಿ ಬಂಗಲೆ ಸುಟ್ಟು, ಬರ್ಥಾ ಸತ್ತು, ರಾಚೆಸ್ಟರ್ ಕಣ್ಣನ್ನೂ ಒಂದು ಕೈಯನ್ನೂ ಕಳೆದುಕೊಂಡಿರುತ್ತಾನೆ. ಅವನನ್ನು ಆಯ್ಕೆ ಮಾಡಿಕೊಳ್ಳುವವಳು ಅವಳು. ಈ ಆಯ್ಕೆ ನಮಗೆ ಕಾಣಬೇಕಾದರೆ ಆ 8 ಅಧ್ಯಾಯಗಳು ಬೇಕು. ಯಾವ ಚಿತ್ರ ಅವುಗಳನ್ನು ಏನು ಮಾಡಿದೆ ಎನ್ನುವುದನ್ನೇ ಅಳತೆಗೋಲು ಮಾಡಿಕೊಂಡು ನಾವು ಹೋಲಿಸಿದೆವು.

1943ರ ಸಿನಿಮಾ

ನನ್ನ ಮಗಳನ್ನು ಬೀಳಿಸಿದ್ದು ಇದೇ. ನಿರ್ದೇಶಕ ರಾಬರ್ಟ್ ಸ್ಟೀವನ್‌ಸನ್. ರಾಚೆಸ್ಟರ್ ಆಗಿ ಆರ್ಸನ್ ವೆಲ್ಸ್, ಜೇನ್ ಆಗಿ ಜೋನ್ ಫಾಂಟೇನ್. ಚಿತ್ರಕಥೆ ಬರೆದವರಲ್ಲಿ ಪ್ರಸಿದ್ಧ ಲೇಖಕ ಆಲ್ಡಸ್ ಹಕ್ಸ್‌ಲಿ ಕೂಡ ಒಬ್ಬರು. ಶಾಲೆಯಲ್ಲಿ ಜೇನ್‌ಳ ಗೆಳತಿ ಹೆಲೆನ್ ಆಗಿ ಕಾಣಿಸುವ ಮುದ್ದು ಹುಡುಗಿ ಎಲಿಜಬೆತ್ ಟೇಲರ್. ಟೈಟಲ್ಸ್‌ನಲ್ಲಿ ಅವರ ಹೆಸರೂ ಇಲ್ಲ.

ಮಂಜು, ಕುದುರೆ, ಕೋಟೆಯಂಥ ಬಂಗಲೆ, ಗೋಡೆಯ ಮೇಲೆ ಉದ್ದುದ್ದ ನೆರಳು. ಗಾಥಿಕ್ ವಾತಾವರಣಕ್ಕೆ ಇದನ್ನು ಮೀರಿಸಿದ್ದು ನಮಗೆ ಕಾಣಲಿಲ್ಲ. ಬರ್ಥಾಳ ಮುಖವನ್ನು ಸರಿಯಾಗಿ ತೋರಿಸದೆಯೇ ಹೆದರಿಸುತ್ತಾರೆ. ಆದರೆ ವೆಲ್ಸ್ ತೆರೆಯ ಮೇಲೆ ಬಂದ ಕೂಡಲೇ ಕಥೆ ಅವನದಾಗಿಬಿಡುತ್ತದೆ, ಜೇನ್ ತಲೆಯೆತ್ತಿ ನೋಡುತ್ತಾ ನಿಲ್ಲುವವಳಾಗುತ್ತಾಳೆ. ಮೂರ್ ಹೌಸ್ ಭಾಗ ಪೂರ್ತಿ ಮಾಯ. ಪಾದ್ರಿ ಸೇಂಟ್ ಜಾನ್ ಬದಲು ಶಾಲೆಯಲ್ಲಿ ಒಬ್ಬ ಒಳ್ಳೆಯ ಡಾಕ್ಟರ್ ರಿವರ್ಸ್ ಬರುತ್ತಾರೆ. ಥಾರ್ನ್‌ಫೀಲ್ಡ್ ಬಿಟ್ಟ ಜೇನ್ ಬಯಲಿಗೆ ಹೋಗದೆ ಹಳೆಯ ಅತ್ತೆಯ ಮನೆಗೇ ಹೋಗುತ್ತಾಳೆ. ಚಿಕ್ಕಪ್ಪನ ಆಸ್ತಿ ಇಲ್ಲ, ಭಾರತಕ್ಕೆ ಕರೆಯುವವರೂ ಇಲ್ಲ. ಕೊನೆಯಲ್ಲಿ ಅವಳು ಮರಳುವುದು ಬೇರೆ ದಿಕ್ಕಿಲ್ಲದವಳಂತೆ ಕಾಣುತ್ತದೆ.

ಇನ್ನೊಂದು ತಮಾಷೆ. ಚಿತ್ರ ಶುರುವಾಗುವಾಗ ಪುಸ್ತಕದ ಪುಟ ತೆರೆದು ತೋರಿಸಿ, ಹೆಣ್ಣಿನ ದನಿಯಲ್ಲಿ ಓದಿಸುತ್ತಾರೆ. ಆ ಸಾಲುಗಳು ಕಾದಂಬರಿಯಲ್ಲಿ ಇಲ್ಲವೇ ಇಲ್ಲ! ಪುಸ್ತಕವನ್ನೇ ತೋರಿಸಿ ಪುಸ್ತಕದಲ್ಲಿಲ್ಲದ್ದನ್ನು ಹೇಳಿದರೆ ಹದಿನಾರರ ಹುಡುಗಿ ನಂಬಿದ್ದರಲ್ಲಿ ತಪ್ಪೇನು ಎಂದು ನನಗೂ ಅನಿಸಿತು.

1983ರ ಬಿಬಿಸಿ ಧಾರಾವಾಹಿ

ಅರ್ಧರ್ಧ ಗಂಟೆಯ 11 ಕಂತುಗಳು. ಜೀಲಾ ಕ್ಲಾರ್ಕ್ ಜೇನ್, ತಿಮೊತಿ ಡಾಲ್ಟನ್ ರಾಚೆಸ್ಟರ್. ಇದೇ ಡಾಲ್ಟನ್ 1987ರಲ್ಲಿ ಜೇಮ್ಸ್ ಬಾಂಡ್ ಆದದ್ದು. ಸೆಟ್ಟುಗಳು ನಾಟಕದ ರಂಗದಂತಿವೆ, ಕ್ಯಾಮೆರಾ ಹೆಚ್ಚು ಓಡಾಡುವುದಿಲ್ಲ. ಮಗಳು ಮೊದಲೆರಡು ಕಂತಿನಲ್ಲಿ ಆಕಳಿಸಿದಳು. ಮೂರನೆಯದರಿಂದ ಎದ್ದು ಹೋಗಲಿಲ್ಲ. ಕಾರಣ, ಮಾತು. ಕಾದಂಬರಿಯಲ್ಲಿ ಜೇನ್ ಮತ್ತು ರಾಚೆಸ್ಟರ್ ಹತ್ತಿರವಾಗುವುದು ಮಾತಿನ ಜಗಳಬಂದಿಯಿಂದಲೇ, ಆ ಸಂಭಾಷಣೆಗಳನ್ನು ಇಲ್ಲಿ ಧಾರಾಳವಾಗಿ ಉಳಿಸಿಕೊಂಡಿದ್ದಾರೆ. ರಾಚೆಸ್ಟರ್ ಕಣಿ ಹೇಳುವ ಮುದುಕಿಯ ವೇಷದಲ್ಲಿ ಬಂದು ಅತಿಥಿಗಳನ್ನೂ ಜೇನ್‌ಳನ್ನೂ ಪರೀಕ್ಷಿಸುವ ಪ್ರಸಂಗ ಇದೆಯಲ್ಲ, ಅದನ್ನೂ ಬಿಟ್ಟಿಲ್ಲ. ಮೂರ್ ಹೌಸ್ ಭಾಗಕ್ಕೂ ಬೇಕಾದಷ್ಟು ಸಮಯ ಸಿಕ್ಕಿದೆ.

ಒಂದೇ ತಕರಾರು. ಪುಸ್ತಕದಲ್ಲಿ ರಾಚೆಸ್ಟರ್ ಸುಂದರನಲ್ಲ, ಜೇನ್ ಅದನ್ನು ಅವನ ಮುಖಕ್ಕೇ ಹೇಳುತ್ತಾಳೆ. ಡಾಲ್ಟನ್‌ರಂಥ ಸ್ಫುರದ್ರೂಪಿಗೆ ಆ ಮಾತು ಹೇಳಿದಾಗ ನಾವಿಬ್ಬರೂ ನಕ್ಕುಬಿಟ್ಟೆವು.

1996 ಮತ್ತು 2006

ಇಟಲಿಯ ಫ್ರಾಂಕೊ ಜೆಫಿರೆಲ್ಲಿ 1996ರಲ್ಲಿ ಮಾಡಿದ ಸಿನಿಮಾದಲ್ಲಿ ಷಾರ್ಲೆಟ್ ಗೇನ್ಸ್‌ಬರ್ಗ್ ಮತ್ತು ವಿಲಿಯಂ ಹರ್ಟ್ ಇದ್ದಾರೆ. ನಿಜಕ್ಕೂ ಸಾಧಾರಣ ರೂಪಿನ, ಗಂಭೀರ ಮುಖದ ಜೇನ್ ಇಲ್ಲಿ ಸಿಗುತ್ತಾಳೆ. ಬಾಲ್ಯದ ಭಾಗ ಚೆನ್ನಾಗಿದೆ. ನಂತರ ಅವಸರ. ಜೇನ್ ಬಂಗಲೆ ಬಿಟ್ಟು ಹೊರಟ ಹೊತ್ತಿಗೇ ಅತ್ತ ಬೆಂಕಿಯೂ ಬೀಳುತ್ತದೆ. ಪುಸ್ತಕದಲ್ಲಿ ನಡುವೆ ಹೋಗುವ ಕಾಲ ಇಲ್ಲಿ ಹೆಚ್ಚು ಉಳಿಯುವುದಿಲ್ಲ. ಆದ್ದರಿಂದ ಅವಳು ತನ್ನ ಕಾಲ ಮೇಲೆ ನಿಂತದ್ದೂ ಮನಸ್ಸಿಗೆ ನಾಟುವುದಿಲ್ಲ.

2006ರ ಬಿಬಿಸಿ ಧಾರಾವಾಹಿ ನಾಲ್ಕು ಕಂತಿನದು. ರೂತ್ ವಿಲ್ಸನ್ ಮತ್ತು ಟೋಬಿ ಸ್ಟೀಫನ್ಸ್. ನಿರ್ದೇಶಕಿ ಸುಸಾನಾ ವೈಟ್. ಇದರ ಮೊದಲ ದೃಶ್ಯ ನೋಡಿ ನಾವು ಬೆಚ್ಚಿದೆವು: ಮರಳುಗಾಡು! ಮರಳ ದಿಬ್ಬಗಳ ನಡುವೆ ಪುಟ್ಟ ಹುಡುಗಿ. ಗಲ್ಫ್‌ನಲ್ಲಿರುವ ನಮಗೆ ಇದು ನಮ್ಮ ಮನೆಯ ಹಿಂದಿನ ಜಾಗದಂತೆ ಕಂಡಿತು. ಆಮೇಲೆ ತಿಳಿಯುತ್ತದೆ, ಪುಸ್ತಕ ಹಿಡಿದು ಪರದೆಯ ಹಿಂದೆ ಅವಿತು ಕೂತ ಜೇನ್‌ಳ ಕಲ್ಪನೆ ಅದು ಎಂದು. ನೋಡಲು ಸಪ್ಪೆಯಾಗಿರುವ ಈ ಹುಡುಗಿಯ ಒಳಗೆ ಎಷ್ಟು ದೊಡ್ಡ ಲೋಕ ಇದೆ ಎಂದು ಒಂದೂ ಮಾತಿಲ್ಲದೆ ಹೇಳಿಬಿಡುತ್ತಾರೆ. ಕಾದಂಬರಿ ‘ನಾನು’ ಎಂದು ಹೇಳುವುದನ್ನು ಕ್ಯಾಮೆರಾ ತೋರಿಸುವುದು ಹೀಗೆ. ಇಲ್ಲಿ ಕಣಿ ಹೇಳುವ ಪ್ರಸಂಗದಲ್ಲಿ ರಾಚೆಸ್ಟರ್ ವೇಷ ಹಾಕುವುದಿಲ್ಲ, ಒಬ್ಬ ಹೆಂಗಸನ್ನು ಕರೆಸಿ ತಾನು ಮರೆಯಲ್ಲಿರುತ್ತಾನೆ. ಇಂದಿನ ಪ್ರೇಕ್ಷಕರಿಗೆ ಇದೇ ನಂಬಲು ಸುಲಭ.

ಡರ್ಬಿಷೈರ್‌ನಲ್ಲಿರುವ ಹ್ಯಾಡನ್ ಹಾಲ್ ಎಂಬ ಪುರಾತನ ಬಂಗಲೆಯೇ 1996, 2006 ಮತ್ತು 2011ರ ಮೂರೂ ಚಿತ್ರಗಳಲ್ಲಿ ಥಾರ್ನ್‌ಫೀಲ್ಡ್ ಆಗಿದೆ. ಒಂದೇ ಮನೆ ಮೂರು ಕ್ಯಾಮೆರಾಗಳಿಗೆ ಹೇಗೆ ಬೇರೆಬೇರೆಯಾಗಿ ಕಾಣುತ್ತದೆ ಎಂದು ಹೋಲಿಸುವುದೂ ಒಂದು ಒಳ್ಳೆಯ ಆಟ.

2011ರ ಸಿನಿಮಾ

ನಿರ್ದೇಶಕ ಕ್ಯಾರಿ ಜೋಜಿ ಫುಕುನಾಗ. ಮಿಯಾ ವಾಸಿಕೋವ್‌ಸ್ಕ, ಮೈಕಲ್ ಫಾಸ್‌ಬೆಂಡರ್. ಮನೆ ನೋಡಿಕೊಳ್ಳುವ ಮಿಸೆಸ್ ಫೇರ್‌ಫ್ಯಾಕ್ಸ್ ಆಗಿ ಜೂಡಿ ಡೆಂಚ್. ಇದು ಎರಡೇ ಗಂಟೆಯ ಸಿನಿಮಾ. ಆದರೂ ಆ 8 ಅಧ್ಯಾಯಗಳ ಸಮಸ್ಯೆಗೆ ಜಾಣ ಉತ್ತರ ಕಂಡುಕೊಂಡದ್ದು ಇದೇ ಎಂದು ನಮಗೆ ತೋರಿತು. ಚಿತ್ರಕಥೆಗಾರ್ತಿ ಮೊಯಿರಾ ಬಫಿನಿ ಕಥೆಯನ್ನು ನಡುವಿನಿಂದ ಶುರು ಮಾಡಿದ್ದಾರೆ. ಮೊದಲ ದೃಶ್ಯದಲ್ಲೇ ಜೇನ್ ಬಂಗಲೆಯಿಂದ ಓಡಿಹೋಗಿ ಬಯಲಿನ ಮಳೆಯಲ್ಲಿ ನೆನೆಯುತ್ತಾ ರಿವರ್ಸ್ ಮನೆಯ ಬಾಗಿಲು ಸೇರುತ್ತಾಳೆ. ಅಲ್ಲಿ ಕೂತು ಅವಳು ಬಾಲ್ಯವನ್ನೂ ಥಾರ್ನ್‌ಫೀಲ್ಡನ್ನೂ ನೆನೆಯುತ್ತಾಳೆ. ಬೇರೆಯವರು ಕತ್ತರಿಸಿ ಎಸೆದ ಭಾಗವೇ ಇಲ್ಲಿ ಇಡೀ ಕಥೆಯನ್ನು ಹಿಡಿದಿಡುವ ಚೌಕಟ್ಟು.

ಮೇಣದ ಬತ್ತಿಯ ಬೆಳಕಿನ ಕತ್ತಲ ಕೋಣೆಗಳು ಚೆನ್ನಾಗಿವೆ. ಹಣ ಬರುವುದು, ಅದನ್ನು ಅವಳು ಹಂಚುವುದು ಎರಡೂ ಇವೆ. ಆದರೆ ಕೊನೆ ಮಾತ್ರ ಥಟ್ಟನೆ ಮುಗಿಯುತ್ತದೆ. ಮರದ ಕೆಳಗೆ ಇಬ್ಬರೂ ಮತ್ತೆ ಸೇರಿದಲ್ಲಿಗೆ ಪರದೆ ಬೀಳುತ್ತದೆ. ಮದುವೆ ಇಲ್ಲ, ಮುಂದಿನ ಬದುಕಿಲ್ಲ. ಅಂದ ಹಾಗೆ, ಕಾದಂಬರಿಯ ಕೊನೆಯ ಸಾಲುಗಳು ರಾಚೆಸ್ಟರನ ಬಗ್ಗೆ ಅಲ್ಲ. ಭಾರತದಲ್ಲಿ ದುಡಿದು ದಣಿದು ಸಾವಿನ ಹತ್ತಿರ ಬಂದಿರುವ ಸೇಂಟ್ ಜಾನ್ ಬಗ್ಗೆ. ಇದನ್ನು ಓದಿದವರೇ ಬಲ್ಲರು!

ಬರ್ಥಾಳ ಕಥೆ ಯಾರು ಹೇಳಬೇಕು?

ಎಲ್ಲ ಚಿತ್ರಗಳನ್ನೂ ನೋಡಿದ ಮೇಲೆ ಮಗಳು ಕೇಳಿದಳು: “ಮೇಲಿನ ಕೋಣೆಯಲ್ಲಿದ್ದವಳ ಮಾತು ಯಾರೂ ಕೇಳಲೇ ಇಲ್ವಲ್ಲ?” ಈ ಪ್ರಶ್ನೆ ಕೇಳಿದವರಲ್ಲಿ ಅವಳು ಮೊದಲಿನವಳಲ್ಲ. ಕೆರಿಬಿಯನ್ ದ್ವೀಪ ಡೊಮಿನಿಕಾದಲ್ಲಿ ಹುಟ್ಟಿದ ಜೀನ್ ರೀಸ್ ಎಂಬ ಲೇಖಕಿ 1966ರಲ್ಲಿ ‘ವೈಡ್ ಸರ್ಗಾಸೊ ಸೀ’ ಎಂಬ ಕಾದಂಬರಿ ಬರೆದು, ಆ ಹೆಂಡತಿಯ ಹುಡುಗಿತನವನ್ನೂ ಮದುವೆಯನ್ನೂ ಅವಳ ಕಡೆಯಿಂದ ಹೇಳಿದರು. ಅದರಲ್ಲಿ ಅವಳ ನಿಜವಾದ ಹೆಸರು ಆಂಟ್ವಾನೆಟ್. ಬರ್ಥಾ ಎನ್ನುವುದು ಗಂಡ ಹೇರಿದ ಹೆಸರು. ಇದೂ 1993ರಲ್ಲಿ ಸಿನಿಮಾ ಆಯಿತು. ಹಳೆಯ ಚಿತ್ರಗಳಲ್ಲಿ ಬರೀ ಭೂತದಂತಿದ್ದ ಬರ್ಥಾ, ಈಚಿನ ಚಿತ್ರಗಳಲ್ಲಿ ಕಾಯಿಲೆಯ ಹೆಂಗಸಾಗಿ, ಮನುಷ್ಯಳಾಗಿ ಕಾಣುತ್ತಾಳೆ.

ನಮ್ಮ ನಾಡಿಗೆ ಬಂದ ಜೇನ್

ಊರಿಗೆ ಫೋನ್ ಮಾಡಿದಾಗ ಮಗಳು ಅಜ್ಜಿಗೆ ಈ ಕಥೆಯನ್ನೆಲ್ಲ ಹೇಳಿದಳು. ಅರ್ಧ ಕೇಳುವಷ್ಟರಲ್ಲಿ ನಮ್ಮ ಅತ್ತೆಯವರು, “ಇದು ನಮ್ಮ ‘ಬೇಡಿ ಬಂದವಳು’ ಕಥೆ ಇದ್ದ ಹಾಗಿದೆಯಲ್ಲೇ ಪುಟ್ಟಿ! ಟೆಂಟಿನಲ್ಲಿ ನೋಡಿದ್ದೆ” ಎಂದರು. ಅವರು ಹೇಳಿದ್ದು ಸರಿ. ಕಲ್ಯಾಣ್‌ಕುಮಾರ್ ಮತ್ತು ಚಂದ್ರಕಲಾ ಅಭಿನಯದ ‘ಬೇಡಿ ಬಂದವಳು’ 1968ರಲ್ಲಿ ತೆರೆಕಂಡ ಕನ್ನಡ ಚಿತ್ರ. ಅದರ ಬೇರು ‘ಜೇನ್ ಏರ್’ನಲ್ಲಿದೆ. ಮರುವರ್ಷ ಅದು ತಮಿಳಿನಲ್ಲಿ ಜೆಮಿನಿ ಗಣೇಶನ್ ಮತ್ತು ಕಾಂಚನಾ ಅಭಿನಯದ ‘ಶಾಂತಿ ನಿಲಯಂ’ ಆಯಿತು. ಅದಕ್ಕೂ ಮೊದಲು, 1952ರಲ್ಲಿ, ಹಿಂದಿಯಲ್ಲಿ ದಿಲೀಪ್‌ಕುಮಾರ್ ಮತ್ತು ಮಧುಬಾಲಾ ಅಭಿನಯದ ‘ಸಂಗ್‌ದಿಲ್’ ಬಂದಿತ್ತು. ಅದರಲ್ಲಿ ನಾಯಕ ನಾಯಕಿ ಬಾಲ್ಯದಿಂದಲೇ ಪರಿಚಿತರು. ನಮ್ಮ ಸಿನಿಮಾದವರು ಹಾಡು ಸೇರಿಸಿದರು, ಮಕ್ಕಳ ಗದ್ದಲ ಸೇರಿಸಿದರು, ಚರ್ಚಿನ ಬದಲು ನಮ್ಮ ಮನೆ ಮಂದಿರಗಳನ್ನು ತಂದರು. ಆದರೂ ದೊಡ್ಡಮನೆಗೆ ಬಂದ ದಿಕ್ಕಿಲ್ಲದ ಹುಡುಗಿ ಎಂದೊಡನೆ ಕಥೆಯ ಗುರುತು ಹತ್ತಿಬಿಡುತ್ತದೆ. ಐವತ್ತು ವರ್ಷದ ಮೇಲೂ ಅಜ್ಜಿಗೆ ಹತ್ತಿತಲ್ಲ!

ಹೋಲಿಸುವಾಗ ಏನು ನೋಡಬೇಕು?

ಯಾವುದೇ ಪುಸ್ತಕವನ್ನು ಅದರ ಸಿನಿಮಾದೊಡನೆ ಹೋಲಿಸುವ ವಿದ್ಯಾರ್ಥಿಗಳಿಗೆ ನಮ್ಮ ಅನುಭವದಿಂದ ಐದು ಪ್ರಶ್ನೆಗಳು:

1. ಪುಸ್ತಕದಲ್ಲಿ ಕಥೆ ಹೇಳುವವರು ಯಾರು? ಸಿನಿಮಾದಲ್ಲಿ ಕಥೆ ಯಾರ ಕಡೆ ವಾಲಿದೆ?
2. ಯಾವ ಭಾಗ ಬಿಟ್ಟಿದ್ದಾರೆ? ಬಿಟ್ಟದ್ದರಿಂದ ಪಾತ್ರದ ನಿರ್ಧಾರಗಳ ಅರ್ಥ ಬದಲಾಯಿತೇ?
3. ಇಲ್ಲದ ಪಾತ್ರ ಯಾವುದನ್ನು ಸೇರಿಸಿದ್ದಾರೆ? ಏಕೆ?
4. ಮಾತಿನಲ್ಲಿದ್ದದ್ದನ್ನು ಚಿತ್ರದಲ್ಲಿ ಹೇಗೆ ತೋರಿಸಿದ್ದಾರೆ?
5. ಎಲ್ಲಿಗೆ ಮುಗಿಸಿದ್ದಾರೆ?

ಇಷ್ಟಕ್ಕೆ ಉತ್ತರ ಬರೆದರೆ ವಿಮರ್ಶೆ ತಾನಾಗಿಯೇ ಆಗುತ್ತದೆ. ಸಿನಿಮಾ ನೋಡಿ ಪುಸ್ತಕದ ಬಗ್ಗೆ ಬರೆಯುವುದು ತಪ್ಪು. ಪುಸ್ತಕ ಓದಿ ಸಿನಿಮಾ ನೋಡುವುದು ಎರಡು ಪಟ್ಟು ಸಂತೋಷ.

ಮಗಳು ವಿಮರ್ಶೆಯನ್ನು ಮತ್ತೆ ಬರೆದು ಟೀಚರ್‌ಗೆ ಕೊಟ್ಟಳು. ಅಂಕ ಬದಲಾಗಲಿಲ್ಲ, ರಿಜಿಸ್ಟರಿಗೆ ಆಗಲೇ ಏರಿತ್ತು. ಆದರೆ ಟೀಚರ್ ಅದನ್ನು ತರಗತಿಯಲ್ಲಿ ಓದಿಸಿದರು. ಆ ದಿನ ಸಂಜೆ ಅಡುಗೆಮನೆಯಲ್ಲಿ ನಿಂತು ಅವಳು ಕೇಳಿದ್ದು ಇದು: “ಅಮ್ಮ, ಆ ದುಡ್ಡು ಬರದೇ ಹೋಗಿದ್ರೂ ಜೇನ್ ವಾಪಸ್ ಹೋಗ್ತಿದ್ಳಾ?”

ಮದುವೆಯಾಗಿ ಇಲ್ಲಿಗೆ ಬರುವಾಗ ಬೆಂಗಳೂರಿನ ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಂದವಳು ನಾನು. ತಕ್ಷಣ ಉತ್ತರ ಹೊಳೆಯಲಿಲ್ಲ. “ಹೋಗ್ತಿದ್ಳೋ ಏನೋ. ಆದ್ರೆ ಹೋಗೋದಾ ಬಿಡೋದಾ ಅಂತ ಕೂತು ಯೋಚನೆ ಮಾಡೋಕೆ ಅವಳದೇ ಒಂದು ಮನೆ ಬೇಕಿತ್ತು” ಎಂದೆ. ಮಗಳು ತಲೆಯಾಡಿಸಿ, ಒಂದು ಲೋಟ ಕಾಫಿ ತೆಗೆದುಕೊಂಡು ಓದಲು ಹೋದಳು. ಈ ಸಲ ಅವಳ ಕೈಯಲ್ಲಿದ್ದದ್ದು ಜೀನ್ ರೀಸ್ ಅವರ ಪುಸ್ತಕ. ಬುಕ್‌ಮಾರ್ಕ್ ಆಗಲೇ ಅರ್ಧ ದಾಟಿತ್ತು.